ಐದು ತೂತಿನ ಫೋಟೋ

ನಮ್ಮ ‘ತೋಟದ ಮನೆ’ ವಾಟ್ಸಾಪ್ ಗುಂಪಿನಲ್ಲಿ ಓಡಾಡುವುದು ಮೂರೇ ವಿಷಯ. ಮೂಡಿಗೆರೆಯ ಮಳೆ, ಮೆಣಸಿನ ರೇಟು, ಯಾರದೋ ಮನೆ ಗೃಹಪ್ರವೇಶ. ಭಾನುವಾರ ಬೆಳಿಗ್ಗೆ ಹ್ಯೂಸ್ಟನ್‌ನಿಂದ ಪುಟ್ಟು ಒಂದು ಫೋಟೋ ಹಾಕಿದ. ಬಿಳಿ ಕಾಗದ, ಅದರಲ್ಲಿ ಐದು ತೂತು, ಇರುವೆ ಗೋಡೆ ಹತ್ತಿದ ಹಾಗೆ ಒಂದರ ಮೇಲೊಂದು.

ಪುಟ್ಟು: ನೂರು ಗಜ. 308 ರೈಫಲ್. ನಾನೇ ಮನೆಯಲ್ಲಿ ಮದ್ದು ತೂಗಿ ತುಂಬಿದ ತೋಟಾ. ಹೋದ ತಿಂಗಳು ಐದೂ ಒಂದಿಂಚಿನೊಳಗೆ ಬಿದ್ದಿದ್ದವು. ಈಗ ಎರಡೂವರೆ ಇಂಚು ಉದ್ದಕ್ಕೆ ಹೋಗಿವೆ. ಮದ್ದು ತೂಗುವ ತಕ್ಕಡಿ ಕೈಕೊಟ್ಟಿದೆ ಅನಿಸುತ್ತೆ. ಹೊಸದು ತಗೋತೀನಿ.

ದೊಡ್ಡಪ್ಪ: ಮನೆಯಲ್ಲೇ ತೋಟಾ ತುಂಬ್ತೀಯಾ? ಇಲ್ಲಿ ಮಾಡಿದ್ರೆ ಒಳಗೆ ಹಾಕ್ತಾರೆ!

ಚಿಕ್ಕಪ್ಪ: ಅಣ್ಣ, ಅಲ್ಲಿ ಅದೊಂದು ಹವ್ಯಾಸ. ನಮ್ಮಲ್ಲಿ 1959ರ ಆರ್ಮ್ಸ್ ಆಕ್ಟ್ ಪ್ರಕಾರ ತೋಟಾ ತಯಾರಿಸೋಕೂ ಲೈಸೆನ್ಸ್ ಬೇಕು, ಅಷ್ಟೇ.

ದೊಡ್ಡಪ್ಪ: ಕಾನೂನು ನನಗೆ ಹೇಳ್ಬೇಡ. ಎಲೆಕ್ಷನ್ ಬಂದಾಗಲೆಲ್ಲ ಜೋಡಿ ನಳಿಗೆ ಕೋವಿ ಸ್ಟೇಷನ್ನಿಗೆ ಒಪ್ಪಿಸಿ ರಸೀದಿ ಕಾಯೋನು ನಾನು. ಪುಟ್ಟು, ನಿನ್ನ ಮದ್ದು ಥಂಡಿ ಹಿಡಿದಿದೆ. ಅಪ್ಪನ ಕೇಪಿನ ಕೋವಿ ಆಷಾಢದಲ್ಲಿ ಠುಸ್ ಅಂತಿತ್ತು.

ಪುಟ್ಟು: ಠುಸ್ ಅನ್ನಲ್ಲ ದೊಡ್ಡಪ್ಪ. ಆದ್ರೆ ಗುಂಡಿನ ವೇಗ ಅಳೆಯೋ ಕ್ರೋನೋಗ್ರಾಫ್ ಇಟ್ಟು ನೋಡಿದೆ. ತುಂಬಾ ಜೋರಾಗಿ ಹೋದ ಗುಂಡಿಗೂ ನಿಧಾನ ಹೋದದ್ದಕ್ಕೂ ಸೆಕೆಂಡಿಗೆ 50 ಅಡಿ ವ್ಯತ್ಯಾಸ. ಅದಕ್ಕೇ ತಕ್ಕಡಿ ಅಂದಿದ್ದು.

ಇಲ್ಲಿಗೆ ಚಿಕ್ಕಪ್ಪನಿಗೆ ಹುರುಪು ಬಂತು. ಹಾಸನದಲ್ಲಿ ಇಡೀ ಆಯುಷ್ಯ ಫಿಸಿಕ್ಸ್ ಪಾಠ ಮಾಡಿದವರು. ಮಗನ ತಪ್ಪು ಸಿಕ್ಕರೆ ಸುಮ್ನೆ ಬಿಡುವವರಲ್ಲ. ಕಾಫಿ ಲೋಟದ ಪಕ್ಕದಲ್ಲೇ ಒಂದು ಹಾಳೆಯಲ್ಲಿ ಲೆಕ್ಕ ಬರೆದು ಫೋಟೋ ಕಳಿಸಿದರು.

ಚಿಕ್ಕಪ್ಪ: ಗುಂಡು ಸೆಕೆಂಡಿಗೆ 2600 ಅಡಿ ವೇಗದಲ್ಲಿ ಹೊರಟರೆ ನೂರು ಗಜ ಮುಟ್ಟೋಕೆ ಸುಮಾರು 0.12 ಸೆಕೆಂಡು. ಅಷ್ಟರಲ್ಲಿ ಭೂಮಿ ಅದನ್ನು ಕೆಳಗೆ ಎಳೆಯೋದು ಎರಡೂಮುಕ್ಕಾಲು ಇಂಚು. ವೇಗ 50 ಅಡಿ ಹೆಚ್ಚುಕಡಿಮೆ ಆದ್ರೆ ಅದರಲ್ಲಿ ಆಗೋ ವ್ಯತ್ಯಾಸ ಇಂಚಿನಲ್ಲಿ ಹತ್ತನೇ ಒಂದು ಭಾಗ. ಸಾವಿರ ಗಜಕ್ಕಾದ್ರೆ ಅಡಿಗಟ್ಟಲೆ ಆಗುತ್ತೆ, ಒಪ್ಪಿದೆ. ನೂರಕ್ಕೆ ಎರಡೂವರೆ ಇಂಚು ಎಲ್ಲಿಂದ ಬಂತು?

ಪುಟ್ಟು: 🙄

ಚಿಕ್ಕಪ್ಪ: ಮುಖ ಮಾಡ್ಬೇಡ. ಯಾವ ತೂತು ಮೊದಲನೇದು, ಯಾವುದು ಕೊನೇದು?

ಅವನ ಹತ್ತಿರ ಅದು ಬರೆದಿರಲಿಲ್ಲ. ವಿಡಿಯೋ ನೋಡಿ, ಕಾಗದದ ಮೇಲೆ ಪೆನ್ಸಿಲಿನಲ್ಲಿ ನಂಬರ್ ಹಾಕಿ, ಮತ್ತೆ ಕಳಿಸಿದ. ತಳದಲ್ಲಿ 1, 2 ಒಂದಕ್ಕೊಂದು ತಾಗಿಕೊಂಡಿದ್ದವು. ಅದರ ಮೇಲೆ 3, ಇನ್ನೂ ಮೇಲೆ 4, ತುದಿಯಲ್ಲಿ 5.

ಚಿಕ್ಕಪ್ಪ: ನೋಡಿ. ಮದ್ದಿನ ತಪ್ಪಾಗಿದ್ರೆ ಒಂದು ಮೇಲೆ, ಒಂದು ಕೆಳಗೆ ಬೀಳಬೇಕಿತ್ತು. ಇದು ವರಸೆಯಾಗಿ ಮೆಟ್ಟಿಲು ಹತ್ತಿದೆ.

ನಾನು: ರೈಫಲ್ ಮೇಲಿನ ಗುರಿ ನೋಡೋ ದುರ್ಬೀನು ಸಡಿಲ ಆಗಿರಬಹುದಾ?

ಪುಟ್ಟು: ಸ್ಕ್ರೂ ಎಲ್ಲಾ ನೋಡಿದೆ ಅಣ್ಣ. ಗಟ್ಟಿ ಇವೆ.

ದೊಡ್ಡಪ್ಪ: ಎಷ್ಟು ಲೆಕ್ಕ ಹಾಕಿದ್ರೂ ಅಷ್ಟೇ. ಮನೇಲಿ ತುಂಬಿದ ತೋಟಾ ನಂಬೋ ಹಾಗಿಲ್ಲ.

ಚಿಕ್ಕಪ್ಪ: ಹಾಗಾದ್ರೆ ಕಂಪನಿ ತೋಟಾ ಒಂದು ಡಬ್ಬಿ ತಂದು ಹೊಡೀಲಿ. ತೋಟಾ ಒಂದೇ ಬದಲಾಗಲಿ, ಬೇರೇನೂ ಮುಟ್ಟೋದು ಬೇಡ. ತಕ್ಕಡಿ, ದುರ್ಬೀನು, ಮದ್ದು ಎಲ್ಲಾ ಒಟ್ಟಿಗೆ ಬದಲಾಯಿಸಿದ್ರೆ ಯಾವುದರಿಂದ ಸರಿಹೋಯ್ತು ಅಂತ ಬ್ರಹ್ಮನಿಗೂ ಗೊತ್ತಾಗಲ್ಲ.

ಅತ್ತೆ: ಎಲ್ಲರಿಗೂ ಶುಭೋದಯ 🌹 ಗುಂಡಿನ ಮಾತು ಬಿಟ್ಟು ಯಾರಾದ್ರೂ ಬೇರೆ ಮಾತಾಡ್ತೀರಾ?

ಯಾರೂ ಮಾತಾಡಲಿಲ್ಲ.

ಮುಂದಿನ ಭಾನುವಾರ ಎರಡು ಕಾಗದ ಬಂದವು. ಕಂಪನಿ ತೋಟಾದ ಐದು ಗುಂಡೂ ಅದೇ ಮೆಟ್ಟಿಲು ಹತ್ತಿದ್ದವು. ಎರಡನೆಯದಕ್ಕೆ ಪುಟ್ಟು ತನ್ನದೇ ತೋಟಾ ಹಾಕಿ, ಒಂದೊಂದು ಗುಂಡಿಗೂ ಹತ್ತು ನಿಮಿಷ ಬಿಟ್ಟು, ನಳಿಗೆ ತಣ್ಣಗಾದ ಮೇಲೆ ಹೊಡೆದಿದ್ದ. ಐದೂ ಒಂದಿಂಚಿಗಿಂತ ಚೂರು ಜಾಸ್ತಿ ಜಾಗದಲ್ಲಿ ಗುಂಪಾಗಿದ್ದವು.

ದೊಡ್ಡಪ್ಪನ ಕಡೆಯಿಂದ ಎರಡು ಗಂಟೆ ನೀಲಿ ಟಿಕ್ ಮಾತ್ರ.

ಚಿಕ್ಕಪ್ಪ: ಬಿಸಿ ಏರಿದ ಹಾಗೆ ನಳಿಗೆಯನ್ನ ಏನೋ ಮೇಲಕ್ಕೆ ಒತ್ತುತ್ತಿದೆ. ಏನದು ಅನ್ನೋದೇ ಪ್ರಶ್ನೆ.

ದೊಡ್ಡಮ್ಮ: ಕೋವಿ ಹಿಡಿ ಮರದ್ದಾ ಪುಟ್ಟು?

ಪುಟ್ಟು: ಹೌದು ದೊಡ್ಡಮ್ಮ, ವಾಲ್ನಟ್.

ದೊಡ್ಡಮ್ಮ: ಎಲ್ಲಿ ಇಟ್ಟಿದ್ದೆ?

ಪುಟ್ಟು: ಮೊದಲು ಮನೆಯೊಳಗೇ ಇತ್ತು. ಈ ತಿಂಗಳು ಗ್ಯಾರೇಜಿನ ಬೀರುವಿನಲ್ಲಿ. ಇಲ್ಲೂ ಮಳೆ, ಸೆಖೆ.

ದೊಡ್ಡಮ್ಮ: ನಮ್ಮ ಹಿತ್ತಲ ಬಾಗಿಲು ಜೂನ್ ಬಂತು ಅಂದ್ರೆ ಊದಿಕೊಂಡು ಚೌಕಟ್ಟಿಗೆ ಕಚ್ಚಿಕೊಳ್ಳುತ್ತೆ. ಕಾಲಲ್ಲಿ ಒದ್ದು ತೆಗೀಬೇಕು.

ಚಿಕ್ಕಪ್ಪ: ಅತ್ತಿಗೆ!! ಪುಟ್ಟು, ರೈಫಲ್ ಖಾಲಿ ಇದೆ ಅಂತ ಎರಡು ಸಲ ನೋಡು. ಆಮೇಲೆ ನಳಿಗೆಗೂ ಮರಕ್ಕೂ ನಡುವೆ ಒಂದು ನೋಟು ತೂರಿಸಿ, ಹಿಂದಕ್ಕೆ ಎಳಕೊಂಡು ಹೋಗು. ನಿನ್ನ ರೈಫಲಿನಲ್ಲಿ ಅಲ್ಲಿ ಉದ್ದಕ್ಕೂ ಸಂದು ಇರಬೇಕು ತಾನೇ?

ಹತ್ತು ನಿಮಿಷಕ್ಕೆ ಫೋಟೋ ಬಂತು. ಒಂದು ಡಾಲರ್ ನೋಟು, ಮರದ ಮೂತಿಯಿಂದ ನಾಲ್ಕು ಬೆರಳು ಒಳಗೆ ಹೋಗಿ, ಮಡಿಸಿಕೊಂಡು ನಿಂತಿತ್ತು.

ಪುಟ್ಟು: ಇಲ್ಲಿಂದ ಮುಂದೆ ಹೋಗ್ತಾ ಇಲ್ಲ. ಕೆಳಗಡೆ ಮರ ತಾಗ್ತಾ ಇದೆ. ಒಂದು ಸಣ್ಣ ಜಾಗ ಮಿರಮಿರ ಹೊಳೀತಿದೆ, ಉಜ್ಜಿ ಉಜ್ಜಿ.

ದೊಡ್ಡಪ್ಪ: ಥಂಡಿ ಅಂತ ನಾನು ಮೊದಲ ದಿನವೇ ಹೇಳಿದ್ದೆ.

ಚಿಕ್ಕಪ್ಪ: ಅಣ್ಣ, ನೀವು ಹೇಳಿದ್ದು ಮದ್ದಿಗೆ. ಮರಕ್ಕಲ್ಲ.

ದೊಡ್ಡಪ್ಪ: ಥಂಡಿ ಥಂಡಿಯೇ. ಮೇಲೆ ಹೋಗಿ ಓದು.

ಚಿಕ್ಕಪ್ಪ ಮೇಲೆ ಹೋಗಿ ಸ್ಕ್ರೀನ್‌ಶಾಟ್ ತೆಗೆದು, ‘ಮದ್ದು’ ಅನ್ನುವ ಪದಕ್ಕೆ ಕೆಂಪು ಸುತ್ತು ಹಾಕಿ ಕಳಿಸಿದರು. ದೊಡ್ಡಪ್ಪ ಅದೇ ಸ್ಕ್ರೀನ್‌ಶಾಟಿನಲ್ಲಿ ‘ಥಂಡಿ’ಗೆ ಹಸಿರು ಸುತ್ತು ಹಾಕಿದರು. ಹೀಗೆ ಹದಿನಾಲ್ಕು ಮೆಸೇಜು.

ಪುಟ್ಟು: ಬುಧವಾರ ಬಂದೂಕು ರಿಪೇರಿಯವನ ಹತ್ತಿರ ಹೋಗ್ತೀನಿ. ಮರ ಕೆರೆದು, ಒಳಗೆ ನೀರು ಹೀರದ ಹಾಗೆ ವಾರ್ನಿಷ್ ಹೊಡೀತಾನಂತೆ. ತಕ್ಕಡಿ ದುಡ್ಡು ಉಳೀತು. ಥ್ಯಾಂಕ್ಸ್ ದೊಡ್ಡಮ್ಮ 🙏

ದೊಡ್ಡಮ್ಮ: ನಿನಗೆ ಬುಧವಾರವೇ ಸಿಕ್ಕಿದ. ನಮ್ಮ ಬಾಗಿಲು ಕೀಸೋಕೆ ಆಚಾರಿ ಹೋದ ವರ್ಷ ಬರ್ತೀನಿ ಅಂದೋನು ಇನ್ನೂ ಬಂದಿಲ್ಲ.