ಅಪ್‌ಡೇಟ್: ಉದುರಿದ ಕೂದಲಿನ ಪದಕ ಮುಗಿಯಿತು

ಕಿಮೋಥೆರಪಿ ಸಮಯದಲ್ಲಿ ಉದುರಿದ ನನ್ನ ಕೂದಲನ್ನಿಟ್ಟು ಕೊರಳಿಗೊಂದು ಪದಕ ಮಾಡಬೇಕು, ರೆಸಿನ್‌ನಲ್ಲಿ (ಗಾಜಿನಂತೆ ಗಟ್ಟಿಯಾಗುವ ಅಂಟುದ್ರವ) ಮುಳುಗಿಸಲೇ, ಬೆಳ್ಳಿಯ ಪುಟ್ಟ ಡಬ್ಬಿಯೊಳಗೆ ಇಡಲೇ ಎಂದು ಹಿಂದೆ ಕೇಳಿದ್ದೆ. ರೆಸಿನ್ ಬಿಸಿಲಿಗೆ ಹಳದಿಯಾಗುತ್ತದೆ, ಗಟ್ಟಿಯಾದ ಮೇಲೆ ಕೂದಲನ್ನು ಹೊರತೆಗೆಯಲಾಗದು ಎಂದು ಹಲವರು ಎಚ್ಚರಿಸಿದಿರಿ. ಆ ಎರಡನೇ ಮಾತೇ ನನ್ನನ್ನು ತಡೆದದ್ದು. ಬೆಳ್ಳಿಯನ್ನು ಆರಿಸಿದೆ.

ಮೊದಲ ಪದಕ 1 ಮಿ.ಮೀ. ತಗಡಿನದು. ನೋಡಲು ಚೆಂದ, ಆದರೆ ಭಾರ. ನಡೆಯುವಾಗ ಎದೆಯ ಮೇಲಿನ ಪೋರ್ಟ್‌ನ (ಕಿಮೋ ಔಷಧಿ ಕೊಡಲು ಚರ್ಮದಡಿ ಕೂರಿಸುವ ಪುಟ್ಟ ಸಾಧನ) ಗಾಯದ ಗುರುತಿಗೇ ಬಡಿಯುತ್ತಿತ್ತು. ಮೈಮೇಲೆ ಇಡುವ ವಸ್ತುವನ್ನು ಮೇಜಿನ ಮೇಲಿಟ್ಟು ಅಳೆದದ್ದೇ ತಪ್ಪು. ಎರಡನೆಯದಕ್ಕೆ ಕಾಗದದ ಮಾದರಿ, ಆಮೇಲೆ ಮೇಣದ ಮಾದರಿ ಮಾಡಿ, ಎರಡು ದಿನ ಹಾಕಿಕೊಂಡೇ ಓಡಾಡಿದೆ. 0.5 ಮಿ.ಮೀ. ತಗಡು, ಹಿಂಬದಿಗೆ ತುಸು ಬಾಗು. ಈಗ ಗಾಯದ ಪಕ್ಕದಲ್ಲಿ ಸುಮ್ಮನೆ ಕೂರುತ್ತದೆ.

ನಾನು ಎಣಿಸದೇ ಇದ್ದದ್ದೂ ಒಂದು ನಡೆಯಿತು. ಕೆಲವು ತಿಂಗಳ ನಂತರ ತೆರೆದರೆ ಡಬ್ಬಿಯ ಒಳಗೋಡೆ ಕಪ್ಪಾಗಿತ್ತು. ಕೂದಲಿನ ಕೆರಾಟಿನ್ ಎಂಬ ಪ್ರೋಟೀನ್‌ನಲ್ಲಿ ಗಂಧಕವಿದೆ. ಗಂಧಕ ಸೋಕಿದರೆ ಬೆಳ್ಳಿ ಸಿಲ್ವರ್ ಸಲ್ಫೈಡ್ ಆಗಿ ಕಪ್ಪಾಗುತ್ತದೆ. ಉಜ್ಜಲು ಬಟ್ಟೆ ಕೈಗೆತ್ತಿಕೊಂಡವಳು ಕೆಳಗಿಟ್ಟುಬಿಟ್ಟೆ. ನನ್ನಿಂದ ಉದುರಿ ಬಿದ್ದದ್ದು ಲೋಹದ ಮೇಲೆ ಇನ್ನೂ ಗುರುತು ಬರೆಯುತ್ತಿದೆ, ಅದನ್ನು ಅಳಿಸಲು ಮನಸ್ಸು ಬರಲಿಲ್ಲ. ಹೊರಮೈಯನ್ನಷ್ಟೇ ಹೊಳಪಿಡುತ್ತೇನೆ.

ಹಳೆಯ ಕೂದಲು ನೇರವಾಗಿತ್ತು, ಹೊಸದಾಗಿ ಬಂದದ್ದು ಗುಂಗುರು. ಮುಚ್ಚಳಕ್ಕೆ ಬೆಸುಗೆ ಹಾಕದೆ ಕೀಲು ಕೂರಿಸಿದ್ದು ಒಳ್ಳೆಯದಾಯಿತು. ಕಳೆದ ವಾರ ಒಂದು ಗುಂಗುರು ಎಳೆಯನ್ನು ಒಳಗೆ ಸೇರಿಸಿದೆ.