ನೊರೆಹಾಲಿನ ಫಾರ್ವರ್ಡು, 26 ದಿನದ ಜ್ವರ

ದೊಡ್ಡಮನೆ ಕುಟುಂಬ ಗುಂಪು, ಭಾನುವಾರ

ಊರಿನ ದೊಡ್ಡಪ್ಪ, ಬೆಳಗ್ಗೆ 6:48
ಫಾರ್ವರ್ಡ್ ಆಗಿದ್ದು: ಮಕ್ಕಳಿಗೆ ಜ್ವರ ಬಂದು ಬಂದು ಹೋಗುತ್ತಿದೆಯೇ? ಆಸ್ಪತ್ರೆಗೆ ಹಣ ಸುರಿಯಬೇಡಿ. ಬೆಳಗ್ಗೆ ಖಾಲಿ ಹೊಟ್ಟೆಗೆ ಆಗ ತಾನೇ ಕರೆದ ಹಸುವಿನ ನೊರೆಹಾಲು ಒಂದು ಲೋಟ, ಸಂಜೆ ಅಮೃತಬಳ್ಳಿ ಕಷಾಯ, 48 ದಿನ. ಕಾಯಿಸಿದರೆ ಹಾಲಿನ ಸತ್ವವೆಲ್ಲ ಹೋಗುತ್ತದೆ. ಎಲ್ಲಾ ಗುಂಪಿಗೂ ಕಳಿಸಿ 🙏

ಊರಿನ ದೊಡ್ಡಪ್ಪ, 6:51
ಪುಟ್ಟನ ಅಪ್ಪ ಅಮ್ಮ ಇಬ್ರೂ ಇದನ್ನ ಓದ್ಬೇಕು. ಕೊಟ್ಟಿಗೇಲೇ ಹಸ ಐತೆ, ಒಂದು ರೂಪಾಯಿ ಖರ್ಚಿಲ್ಲ.

ಚಿಂತಾಮಣಿ ಅತ್ತೆ, 7:05
ನಿಜ ಅಣ್ಣ. ಜೊತೆಗೆ ದೃಷ್ಟೀನೂ ಆಗೈತೆ ಮಗೂಗೆ, ಮದುವೆ ದಿನ ಎಲ್ಲರ ಕಣ್ಣೂ ಅವನ ಮೇಲೇ ಇತ್ತು. ಉಪ್ಪು ಒಣಮೆಣಸಿನಕಾಯಿ ಇಳಿ ತೆಗೆದು ಒಲೆಗಾಕು ಅಂತ ಅವತ್ತೇ ಹೇಳಿದ್ದೆ.

ಮಾಲೂರು ಚಿಕ್ಕಪ್ಪ, 7:09
ಒಳ್ಳೆ ಮಾಹಿತಿ. ನಮ್ಮ ಗುಂಪಿಗೂ ಹಾಕ್ತೀನಿ

ನಾನು, 7:31
ಚಿಕ್ಕಪ್ಪ ದಯವಿಟ್ಟು ಮುಂದಕ್ಕೆ ಕಳಿಸ್ಬೇಡಿ. ದೊಡ್ಡಪ್ಪ, ನಿಮ್ಮ ಮೇಲಿರೋ ಗೌರವ ಇಟ್ಕೊಂಡೇ ಕೇಳ್ತಿದೀನಿ, ಇದನ್ನ ಡಿಲೀಟ್ ಮಾಡಿ. ಇಳಿ ತೆಗೆಯೋದಕ್ಕೆ ನನ್ನ ಅಡ್ಡಿ ಇಲ್ಲ, ಎರಡು ನಿಮಿಷದ ಕೆಲಸ, ಆದ್ರೆ ಕಾಯಿಸದೇ ಇರೋ ಹಾಲು ಮಾತ್ರ ಜ್ವರದ ಮಗುಗೆ ಬೇಡವೇ ಬೇಡ. ಆಮೇಲೆ 48 ದಿನ ಕಾಯೋದು ಅನ್ನೋದು ಅದಕ್ಕಿಂತ ಕೆಟ್ಟದ್ದು.
ತಮ್ಮಾ, ಪುಟ್ಟಂಗೆ ಜ್ವರ ಶುರುವಾಗಿ ಇವತ್ತಿಗೆ ಎಷ್ಟು ದಿನ?

ತಮ್ಮ, 7:40
ಬಿಟ್ಟು ಬಿಟ್ಟು ಬರ್ತಿದೆ ಅಕ್ಕ. ಮಧ್ಯ ನಾಲ್ಕು ದಿನ ಚೆನ್ನಾಗೇ ಇದ್ದ. ವೈಡಾಲ್ ಅನ್ನೋ ರಕ್ತದ ಟೆಸ್ಟು ಪಾಸಿಟಿವ್ ಬಂದಿತ್ತು, ಟೈಫಾಯಿಡ್ ಅಂತ ಹೇಳಿದ್ರು, ಈಗ ಎರಡನೇ ಕೋರ್ಸ್ ನಡೀತಿದೆ. ಮಾವಿನ ಮಂಡೀಲಿ ತೋತಾಪುರಿ ಲೋಡು ಬರ್ತಿರೋ ಟೈಮು ಇದು, ಇನ್ನೊಂದು 10 ದಿನ ಕಳೆದ್ರೆ ಫ್ರೀ ಆಗ್ತೀನಿ, ಆಮೇಲೆ ದೊಡ್ಡ ಡಾಕ್ಟ್ರಿಗೆ ತೋರಿಸೋಣ ಅಂತ

ನಾನು, 7:41
ಎಷ್ಟು ದಿನ ಅಂತ ಕೇಳ್ದೆ

ಪುಟ್ಟನ ಅಮ್ಮ, 7:52
26 ದಿನ ಅಕ್ಕ

ನಾನು, 8:14
ನೋಡಿ ಎಲ್ಲರೂ. ಈ ಹುಡುಗಿ ಗುಂಪಲ್ಲಿ ಹಬ್ಬಕ್ಕೆ ಶುಭಾಶಯ ಬಿಟ್ರೆ ಏನೂ ಹಾಕೋಳಲ್ಲ, ಅವಳಿಗೆ ದಿನದ ಲೆಕ್ಕ ಬಾಯಲ್ಲೇ ಇದೆ. ಹೋದ ವಾರ ಮದುವೇಲಿ ಪುಟ್ಟನ್ನ ನಾನೂ ನೋಡ್ದೆ. ಎಲ್ಲ ಹುಡುಗ್ರು ಚಪ್ಪರದ ಕಂಬ ಸುತ್ತುತಿದ್ರೆ ಇವನು ಜಗಲಿ ಮೇಲೆ ಬಲಗಡೆ ಮಂಡಿ ಹಿಡ್ಕೊಂಡು ಕೂತಿದ್ದ, ಎತ್ಕೋ ಅಂದ. 6 ವರ್ಷದ ಹುಡುಗ ಎತ್ಕೋ ಅಂತಾನಾ? ಎತ್ಕೊಂಡೆ, ಸೊಂಟದಲ್ಲಿ ಚಡ್ಡಿ ನಿಲ್ಲದೆ ಪಿನ್ನು ಹಾಕಿದ್ರು. ಯುಗಾದಿಗೆ ಹೊಲಿಸಿದ ಚಡ್ಡಿ ಅದು. ಅಂದ್ರೆ ಮಗು ಇಳಿದು ಹೋಗ್ತಿದೆ, ನಾವು ಬಿಟ್ಟು ಬಿಟ್ಟು ಬರೋ ಜ್ವರ ಅಂತ ಕೂತಿದೀವಿ.

ಬೆಂಗಳೂರು ಭಾವ, 8:20
ಅವಳಿಗೆ ಭಯ ಹುಟ್ಟಿಸ್ಬೇಡಮ್ಮ. ಮಕ್ಕಳಿಗೆ ವೈರಲ್ ಕಾಮನ್. ಬೆಳೆಯೋ ವಯಸ್ಸಲ್ಲಿ ಕಾಲ್ನೋವೂ ಕಾಮನ್. ಇಲ್ಲಿಗೆ ಕರ್ಕೊಂಡು ಬಂದ್ರೆ ದೊಡ್ಡ ಆಸ್ಪತ್ರೆಯೋರು ಮೊದಲ ದಿನವೇ ಹತ್ತು ಟೆಸ್ಟ್ ಬರೀತಾರೆ, ನಾನು ನೋಡಿದೀನಿ

ಊರಿನ ದೊಡ್ಡಪ್ಪ, 8:22
ಅದೇ ನಾನೇಳಿದ್ದು. ಲೂಟಿ ಮಾಡ್ತಾವ್ರೆ. ನಾನು 71 ವರ್ಷ ನೊರೆಹಾಲು ಕುಡಿದು ಬೆಳದೋನು, ಒಂದಿನಾನೂ ಆಸ್ಪತ್ರೆ ಮೆಟ್ಲು ಹತ್ತಲಿಲ್ಲ.

ನಾನು, 8:47
ದೊಡ್ಡಪ್ಪ, ಅಜ್ಜಿ 9 ಹೆತ್ರು, 5 ಉಳಿಸ್ಕೊಂಡ್ರು. ನೀವು ಉಳಿದ ಐವರಲ್ಲಿ ಒಬ್ರು. ಹೋದ ನಾಲ್ಕಕ್ಕೆ ಏನಾಗಿತ್ತು ಅಂತ ಅಜ್ಜೀನ ಕೇಳಿದ್ರೆ ಜರ ಬಂತು ಹೋಯ್ತು ಅನ್ನೋರು, ಅಷ್ಟೇ. ಅವರ ಕೈಲಿ ಏನೂ ಇರ್ಲಿಲ್ಲ. ನಮ್ಮ ಕೈಲಿ ಇದೆ.

ಭಾವ, ಸಾಮಾನ್ಯ ವೈರಲ್ ಜ್ವರ 26 ದಿನ ಇರಲ್ಲ. ಮೂರು ದಿನ, ಐದು ದಿನ, ಹೆಚ್ಚಂದ್ರೆ ಒಂದು ವಾರ. ಬೆಳೆಯೋ ಮಕ್ಕಳ ಕಾಲ್ನೋವು ರಾತ್ರಿ ಬರುತ್ತೆ, ಎರಡೂ ಕಾಲಿಗೆ ಬರುತ್ತೆ, ಬೆಳಗ್ಗೆ ಎದ್ದು ಓಡ್ತಾವೆ. ಒಂದೇ ಮಂಡಿ ಹಿಡ್ಕೊಂಡು ಹಗಲೂ ಕುಂಟಲ್ಲ.

ಟೈಫಾಯಿಡ್ ವಿಷಯಾನೂ ಹೇಳ್ತೀನಿ ಯಾಕಂದ್ರೆ ನಾವು ಇದ್ರಲ್ಲೇ ಮುಳುಗಿದ್ದು. ವೈಡಾಲ್ ಅನ್ನೋ ಟೆಸ್ಟು 1896ರದ್ದು, ಅದು ಕ್ರಿಮೀನ ಹುಡುಕಲ್ಲ, ರಕ್ತದಲ್ಲಿರೋ ಆಂಟಿಬಾಡಿ ನೋಡುತ್ತೆ, ಯಾವಾಗಲೋ ಬಂದು ಹೋದ ಟೈಫಾಯಿಡ್‌ಗೂ ಪಾಸಿಟಿವ್ ಬರುತ್ತೆ, ಲಸಿಕೆ ಹಾಕ್ಸಿದ್ರೂ ಬರಬಹುದು, ಬೇರೆ ಜ್ವರಕ್ಕೂ ಬರುತ್ತೆ. ನಮ್ಮ ಕಡೆ ಟೈಫಾಯಿಡ್ ಇಲ್ದೇ ಇರೋರಿಗೂ ಕೆಲವ್ರಿಗೆ ಪಾಸಿಟಿವ್ ಬರಬಹುದು. ನಿಜವಾಗ್ಲೂ ಟೈಫಾಯಿಡ್ ಇದ್ದು ಸರಿಯಾದ ಆಂಟಿಬಯಾಟಿಕ್ ಬಿದ್ರೆ ಸುಮಾರು ಒಂದು ವಾರದೊಳಗೆ ಜ್ವರ ಇಳೀಬೇಕು. ಇಳೀಲಿಲ್ಲ ಅಂದ್ರೆ ಎರಡನೇ ಕೋರ್ಸ್ ಬರೆಯೋಕೆ ಮುಂಚೆ, ಇದು ಟೈಫಾಯಿಡ್ಡೇನಾ ಅಂತ ಕೇಳ್ಬೇಕಿತ್ತು, ಬ್ಲಡ್ ಕಲ್ಚರ್, ಅಂದ್ರೆ ರಕ್ತದಲ್ಲಿರೋ ಕ್ರಿಮೀನ ಬೆಳೆಸಿ ನೋಡೋ ಟೆಸ್ಟು, ಮಾಡಿಸ್ಬೇಕಿತ್ತು. ಆಂಟಿಬಯಾಟಿಕ್ ಶುರುವಾದ ಮೇಲೆ ಕಲ್ಚರಲ್ಲಿ ಕ್ರಿಮಿ ಬೆಳೆಯೋದೂ ಕಷ್ಟ ಆಗುತ್ತೆ.

ಚಿಂತಾಮಣಿ ಅತ್ತೆ, 8:55
ನಿನ್ನ ಮಗಳಿಗೂ ಟೈಫಾಯಿಡ್ ಆಗಿತ್ತಲ್ವಾ ಎರಡು ವರ್ಷದ ಹಿಂದೆ

ನಾನು, 9:26
ಆಗಿರ್ಲಿಲ್ಲ ಅತ್ತೆ. ಎಲ್ಲರಿಗೂ ಹಾಗಂತ ಹೇಳಿ ಬಿಟ್ಟಿದ್ದೆ, ಇವತ್ತು ಸರಿಯಾಗಿ ಹೇಳ್ತೀನಿ.

ಅವಳಿಗೆ ಆಗ 9 ವರ್ಷ. ಬೇಸಿಗೆ ರಜೆ ಮುಗಿಸ್ಕೊಂಡು ಊರಿಂದ ಬಂದು ಸ್ವಲ್ಪ ದಿನಕ್ಕೆ ಸಂಜೆ ಸಂಜೆ ಜ್ವರ. ಬೆಳಗ್ಗೆ ಏನೂ ಇಲ್ಲ, ಸ್ಕೂಲಿಗೆ ಹೋಗೋಳು, ಆರು ಗಂಟೆಗೆ ಚಳಿ ಅಂತ ಕಂಬಳಿ ಎಳ್ಕೊಳೋಳು, ರಾತ್ರಿ ಎರಡು ಗಂಟೆಗೆ ಬೆವರಿ ದಿಂಬು ಒದ್ದೆ, ನಾನು ಎದ್ದು ದಿಂಬು ತಿರುಗಿಸಿ ಇಡ್ತಿದ್ದೆ. ಮನೆ ಹತ್ರದ ಕ್ಲಿನಿಕ್‌ಗೆ ಹೋದ್ವಿ, ವೈಡಾಲ್ ಮಾಡಿದ್ರು, ಪಾಸಿಟಿವ್. ಮಾತ್ರೆ, ಆಮೇಲೆ ಇಂಜೆಕ್ಷನ್, ಮತ್ತೆ ವೈಡಾಲ್, ಮತ್ತೆ ಪಾಸಿಟಿವ್. ಮಧ್ಯದಲ್ಲಿ ಒಂದು ಸೂಜಿ ಹಾಕಿದ್ರು ನೋಡಿ, ಮಾರನೇ ದಿನವೇ ಮಗು ಎದ್ದು ಕುಣಿದಾಡ್ತು, ನಮಗೆ ದೇವ್ರು ಬಂದಂಗಾಯ್ತು, ನಾಲ್ಕನೇ ದಿನಕ್ಕೆ ಮತ್ತೆ ಅದೇ ಜ್ವರ. ಅದು ಸ್ಟೀರಾಯ್ಡ್ ಅಂತ ಆಮೇಲೆ ಗೊತ್ತಾಯ್ತು. ಅದು ಕಾಯಿಲೇನ ವಾಸಿ ಮಾಡಲ್ಲ, ಜ್ವರ ಕಾಣದಂಗೆ ಮುಚ್ಚುತ್ತೆ, ರಕ್ತದ ಕ್ಯಾನ್ಸರ್ ಏನಾದ್ರೂ ಇದ್ರೆ ಅದನ್ನ ಪತ್ತೆ ಮಾಡೋದನ್ನೂ ಕಷ್ಟ ಮಾಡಿಬಿಡುತ್ತೆ. ಹೀಗೆ ಎರಡು ತಿಂಗಳು ಹೋಯ್ತು. ಸೊಂಟ ನೋವು ಅಂತ ಮೆಟ್ಲು ಹತ್ತೋದು ಬಿಟ್ಳು.

ಕೊನೆಗೆ ಬೇರೆ ಕಡೆ ಮಕ್ಕಳ ಡಾಕ್ಟ್ರು ಒಬ್ರು ಫೈಲ್ ಪಕ್ಕಕ್ಕಿಟ್ಟು ಕೇಳಿದ್ರು, ಮನೇಲಿ ಹಸು ಮೇಕೆ ಇದೆಯಾ, ಹಾಲು ಕಾಯಿಸ್ದೇ ಕುಡಿಯೋ ಅಭ್ಯಾಸ ಇದೆಯಾ, ಯಾವುದಾದ್ರೂ ಹಸು ಈಚೆಗೆ ಕಂದ ಹಾಕಿತ್ತಾ, ಅಂದ್ರೆ ದಿನ ತುಂಬೋ ಮುಂಚೆ ಕರು ಬಿದ್ದಿತ್ತಾ ಅಂತ. ಎರಡು ತಿಂಗಳಲ್ಲಿ ಒಬ್ರೂ ಕೇಳ್ದೇ ಇದ್ದ ಪ್ರಶ್ನೆ. ನನ್ನ ಮಗಳೇ ಹೇಳಿದ್ಳು, ತಾತ ದಿನಾ ಬೆಳಗ್ಗೆ ಕೆಚ್ಚಲ ಕೆಳಗೆ ಲೋಟ ಹಿಡಿದು ನೊರೆಹಾಲು ಕೊಡ್ತಿದ್ರು ಅಂತ.

ಬ್ರುಸೆಲ್ಲೋಸಿಸ್ ಅಂತ ಬಂತು. ಹಸುಗಳಲ್ಲಿ ಕಂದ ಹಾಕೋ ರೋಗ ಅಂತೀವಲ್ಲ ಅದೇ ಕ್ರಿಮಿ ಮನುಷ್ಯರಿಗೆ ಬಂದ್ರೆ ಹೀಗೆ, ಏರಿ ಇಳಿಯೋ ಜ್ವರ, ರಾತ್ರಿ ಬೆವರು, ಕೀಲು ನೋವು. ಹಸಿ ಹಾಲಿಂದ ಬರುತ್ತೆ, ಕಂದ ಹಾಕಿದಾಗ ಬೀಳೋ ಕರು, ಮಾಸು ಬರಿಗೈಲಿ ಮುಟ್ಟಿದ್ರೂ ಬರುತ್ತೆ. ಆರು ವಾರ ಎರಡು ಥರ ಮಾತ್ರೆ, ಒಂದರಿಂದ ಮೂತ್ರ ಕೆಂಪಗೆ ಹೋಗ್ತಿತ್ತು, ಹೆದರ್ಬೇಡಿ ಅಂತ ಮೊದ್ಲೇ ಹೇಳಿದ್ರು. ಎರಡನೇ ವಾರ ಜ್ವರ ಬಿಡ್ತು, ಆರನೇ ವಾರ ಮೆಟ್ಲು ಹತ್ತಿದ್ಳು.

ಊರಿನ ದೊಡ್ಡಪ್ಪ, 9:34
ಅಂದ್ರೆ ನನ್ನ ಕೊಟ್ಟಿಗೆ ಹಾಲಿಂದ ಬಂತು ಅಂತೀಯಾ. ಇದೇ ಮಾತು ಆಡೋಕೆ ಎರಡು ವರ್ಷ ಕಾದಿದ್ಯಾ ತಾಯಿ

ಮಾಲೂರು ಚಿಕ್ಕಪ್ಪ, 9:36
ದೊಡ್ಡವರ ಜೊತೆ ಗುಂಪಲ್ಲಿ ಹಿಂಗೆಲ್ಲ ಮಾತಾಡ್ಬಾರ್ದು. ಫೋನ್ ಮಾಡಿ ಹೇಳ್ಬೋದಿತ್ತು

ನಾನು, 9:50
ಹೌದು ಫೋನ್ ಮಾಡಿ ಹೇಳ್ಬೇಕಿತ್ತು, ಎರಡು ವರ್ಷದ ಹಿಂದೆಯೇ ಹೇಳ್ಬೇಕಿತ್ತು. ದೊಡ್ಡಪ್ಪ ಪ್ರೀತಿಯಿಂದ ಕೊಟ್ಟ ಹಾಲು, ಅವರ ಮನಸ್ಸು ಮುರಿಯೋದು ಬೇಡ ಅಂತ ನಾನೂ ನಮ್ಮನೆಯವ್ರೂ ಸುಮ್ಮನಾದ್ವಿ. ಅದೇ ಸುಮ್ಮನಿರೋದ್ರಿಂದ ಇವತ್ತು ಅದೇ ಕೊಟ್ಟಿಗೆ ಹಾಲು ಪುಟ್ಟಂಗೆ ಔಷಧಿ ಅಂತ ಬರ್ತಿದೆ. ದೊಡ್ಡಪ್ಪ, ನಿಮ್ಮದು ತಪ್ಪಿಲ್ಲ, ಹೇಳದೇ ಇದ್ದಿದ್ದು ನನ್ನ ತಪ್ಪು, ಗುಂಪಲ್ಲೇ ಕ್ಷಮೆ ಕೇಳ್ತೀನಿ. ಹಾಲು ಉಕ್ಕೋ ತನಕ ಕಾಯಿಸಿದ್ರೆ ಸಾಕು, ಆ ಕ್ರಿಮಿ ಸತ್ತು ಹೋಗುತ್ತೆ, ಡೇರಿಯೋರು ಪ್ಯಾಕೆಟ್ ಹಾಲನ್ನ 72 ಡಿಗ್ರಿಗೆ ಕಾಯಿಸಿ ತಣ್ಣಗೆ ಮಾಡೋದು ಇದಕ್ಕೇ. ಹೆಣ್ಣು ಕರುಗಳಿಗೆ 4ರಿಂದ 8 ತಿಂಗಳೊಳಗೆ ಇದಕ್ಕೆ ಲಸಿಕೆ ಇದೆ, ಪಶು ಆಸ್ಪತ್ರೆಯೋರು ಹಾಕ್ತಾರೆ, ಕೇಳಿ.

ಬೆಂಗಳೂರು ಭಾವ, 10:02
ಸರಿ, ಹಾಗಾದ್ರೆ ಇವನಿಗೂ ಅದೇನಾ? ನೀನೇ ಡಾಕ್ಟ್ರಂಗೆ ಹೇಳ್ಬಿಟ್ರೆ ಹೆಂಗೆ

ನಾನು, 10:11
ಅದೇ ಅಂತ ನಾನು ಹೇಳ್ತಿಲ್ಲ ಭಾವ. ಅದೂ ಇರಬಹುದು, ಟಿಬಿ ಇರಬಹುದು, ಮೂತ್ರದ ಸೋಂಕು ಇರಬಹುದು, ಮೂಳೆ ಕೀಲಿನ ಸೋಂಕು ಇರಬಹುದು, ರಕ್ತದ ಕಾಯಿಲೆ ಇರಬಹುದು, ಇದ್ಯಾವುದೂ ಮುಖ ನೋಡಿ ಗೊತ್ತಾಗಲ್ಲ. ಮಕ್ಕಳ ಟಿಬೀಲಿ ಕೆಮ್ಮೇ ಇರ್ಬೇಕು ಅಂತಿಲ್ಲ, ಎರಡು ವಾರ ಜ್ವರ, ತೂಕ ಇಳಿಯೋದು, ಇಷ್ಟಿದ್ರೆ ಪರೀಕ್ಷೆ ಮಾಡಿಸ್ಬೇಕು, ಸರ್ಕಾರಿ ಆಸ್ಪತ್ರೇಲಿ ಪರೀಕ್ಷೆ ಔಷಧಿ ಎರಡೂ ಫ್ರೀ. ಮಕ್ಕಳಲ್ಲಿ ರಕ್ತದ ಕ್ಯಾನ್ಸರ್ ಕೂಡ ಎಷ್ಟೋ ಸಲ ಹೀಗೇ ಶುರುವಾಗೋದು, ಜ್ವರ, ಮೂಳೆ ನೋವು, ಬಿಳಿಚಿಕೊಳ್ಳೋದು, ಸುಮ್ಮಸುಮ್ಮನೆ ನೀಲಿ ಕಲೆ. ಹೆದರಿಸೋಕಲ್ಲ ಹೇಳ್ತಿರೋದು, ಬೇಗ ಸಿಕ್ರೆ ಬಹಳಷ್ಟು ಮಕ್ಕಳು ವಾಸಿ ಆಗ್ತಾರೆ, ಬೆಂಗಳೂರು ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ನಮ್ಮ ಜಿಲ್ಲೆಯಿಂದ ಎಷ್ಟು ಜನ ಹೋಗಿ ಬರ್ತಾರೆ. ಮೊದಲ ಹೆಜ್ಜೆ ಒಂದು ಸಿಬಿಸಿ ಅಂದ್ರೆ ರಕ್ತಕಣಗಳ ಎಣಿಕೆ, ರಕ್ತಾನ ಗಾಜಿನ ಮೇಲೆ ಹಚ್ಚಿ ನೋಡೋ ಸ್ಮಿಯರ್, ಮೂತ್ರ ಪರೀಕ್ಷೆ, ಕಲ್ಚರ್, ಎದೆ ಎಕ್ಸ್‌ರೇ. ಇದಕ್ಕೆ ಕಾರ್ಪೊರೇಟ್ ಆಸ್ಪತ್ರೆ ಬೇಕಾಗಿಲ್ಲ.

ತಮ್ಮ, 10:30
ಅಕ್ಕ ನಂಗೂ ಹೊಟ್ಟೇಲಿ ಬೆಂಕಿ ಇದೆ. ಮಂಡೀಲಿ ಸಾಲ ಎತ್ತಿದೀನಿ, ಈ 10 ದಿನ ಬಿಟ್ರೆ ವರ್ಷ ಪೂರ್ತಿ ಹೋಗುತ್ತೆ. ಕುರುಡುಮಲೆ ಗಣಪನಿಗೆ ಹರಕೆ ಬೇರೆ ಹೇಳ್ಕೊಂಡಿದೀನಿ, ಮೊದ್ಲು ಅದು ಮುಗಿಸಿ ಅಂತ ಅಮ್ಮನೂ ಅಂತಾವ್ರೆ

ನಾನು, 10:44
ಮಂಡಿ ಬಿಡು ಅಂತ ನಾನು ಹೇಳ್ತಿಲ್ಲ ತಮ್ಮಾ, ಅದು ಅನ್ನದ ಪ್ರಶ್ನೆ, ನಂಗೊತ್ತು. ನೀನು ಮಂಡೀಲೇ ಇರು. ನಾಳೆ ಸೋಮವಾರ, ನಿನ್ನ ಹೆಂಡ್ತಿ ಪುಟ್ಟನ್ನ ಕರ್ಕೊಂಡು ಫಸ್ಟ್ ಬಸ್ಸಿಗೆ ಕೋಲಾರಕ್ಕೆ ಬರ್ಲಿ, ನಾನು ರಜಾ ಹಾಕ್ತೀನಿ, ಎಸ್ಎನ್ಆರ್ ಜಿಲ್ಲಾ ಆಸ್ಪತ್ರೆ ಮಕ್ಕಳ ಓಪಿಡಿ ಚೀಟಿ ನಾನೇ ಮಾಡಿಸಿ ನಿಂತಿರ್ತೀನಿ. ದಾಖಲು ಮಾಡಿ ಅಂದ್ರೆ ಮಾಡ್ತೀವಿ, ಬೆಂಗಳೂರು ಇಂದಿರಾಗಾಂಧಿ ಮಕ್ಕಳ ಆಸ್ಪತ್ರೆಗೆ ಹೋಗಿ ಅಂದ್ರೆ ರೆಫರ್ ಲೆಟರ್ ತಗೊಂಡು ಹೋಗ್ತೀವಿ. ಬಿಪಿಎಲ್ ಕಾರ್ಡಿಗೆ ಆಯುಷ್ಮಾನ್ ಆರೋಗ್ಯ ಕರ್ನಾಟಕ ಯೋಜನೇಲಿ ಮನೆಗೆ ವರ್ಷಕ್ಕೆ 5 ಲಕ್ಷದ ತನಕ ಚಿಕಿತ್ಸೆ ಇದೆ, ಅದಕ್ಕೇ ಆ ರೆಫರ್ ಚೀಟಿ ಮುಖ್ಯ. ಹರಕೆ ಮಗು ಎದ್ದು ಓಡಾಡಿದ ಮೇಲೆ ಎಲ್ಲರೂ ಒಟ್ಟಿಗೆ ಹೋಗಿ ತೀರಿಸೋಣ, ಬಾಡಿಗೆ ಗಾಡಿ ನಂದು.

ಪುಟ್ಟನ ಅಮ್ಮಂಗೆ ಹೇಳ್ತೀನಿ, ಇಷ್ಟು ದಿನದ ಚೀಟಿ, ಖಾಲಿ ಮಾತ್ರೆ ಸ್ಟ್ರಿಪ್ಪು, ಸಿರಪ್ ಬಾಟ್ಲು ಎಲ್ಲ ಒಂದು ಕವರಲ್ಲಿ ಹಾಕ್ಕೋ, ಯಾವುದನ್ನೂ ಎಸೀಬೇಡ. ಆಧಾರ್, ರೇಷನ್ ಕಾರ್ಡ್ ಇಟ್ಕೋ. ಇವತ್ತು ನಾಲ್ಕು ಗಂಟೆಗೊಂದು ಸಲ ಥರ್ಮಾಮೀಟರ್ ಇಟ್ಟು ಟೈಮು, ಎಷ್ಟಿತ್ತು ಬರ್ಕೋ. ರಾತ್ರಿ ಏನಾದ್ರೂ ಫಿಟ್ಸ್ ಬಂದ್ರೆ, ಎಬ್ಬಿಸಿದ್ರೂ ಏಳ್ದಂಗೆ ಮಂಪರಾದ್ರೆ, ಉಸಿರು ಜೋರಾಗಿ ಬಿಟ್ರೆ, ಕುಡಿಯೋದೂ ಉಚ್ಚೆ ಹೋಗೋದೂ ನಿಂತ್ರೆ ಬೆಳಗಾಗ್ಲಿ ಅಂತ ಕಾಯ್ಬೇಡ, 108ಕ್ಕೆ ಫೋನ್ ಮಾಡು. ಯಾರನ್ನೂ ಕೇಳ್ಬೇಡ.

ಚಿಂತಾಮಣಿ ಅತ್ತೆ, 11:15
ಹೋಗ್ಲಿ ಬಿಡು ಅಣ್ಣ, ತೋರಿಸ್ಕೊಂಡು ಬರ್ಲಿ. ಇಳಿ ನಾನಿಲ್ಲಿಂದಾನೇ ತೆಗೀತೀನಿ. ನಂಗೂ ಆ ಮಗು ಮುಖ ಕಣ್ಣಲ್ಲೇ ಐತೆ

ಪುಟ್ಟನ ಅಮ್ಮ, ರಾತ್ರಿ 8:20
12 ಗಂಟೆ 99.2
4 ಗಂಟೆ 100.4
8 ಗಂಟೆ 102.6, ಮಾತ್ರೆ ಕೊಟ್ಟೆ

ತಮ್ಮ, ರಾತ್ರಿ 8:41
ಬೆಳಗ್ಗೆ ಬಸ್ ಹತ್ತಿಸಿ ಮಂಡಿಗೆ ಹೋಗ್ತೀನಿ ಅಕ್ಕ. ಸಾಯಂಕಾಲ ಲೋಡ್ ಕಳಿಸಿ ಬರ್ತೀನಿ

ಸೋಮವಾರ

ಪುಟ್ಟನ ಅಮ್ಮ, ಬೆಳಗ್ಗೆ 6:35
ಬಸ್ಸಲ್ಲಿದೀವಿ ಅಕ್ಕ. ಮಡಿಲಲ್ಲಿ ಮಲಗಿದಾನೆ. ಕವರ್ ತಗೊಂಡಿದೀನಿ

ನಾನು, 6:36
ಬಸ್ ಸ್ಟ್ಯಾಂಡಲ್ಲೇ ಇದೀನಿ

ಊರಿನ ದೊಡ್ಡಪ್ಪ, 6:58
ರಾತ್ರಿಯೆಲ್ಲ ನಿದ್ದೆ ಬರಲಿಲ್ಲ. ಯುಗಾದಿ ಆದ್ಮೇಲೆ ಕೆಂದ ಹಸ ಏಳು ತಿಂಗಳಿಗೇ ಕಂದ ಹಾಕಿತ್ತು. ನಾನು ಗುಂಡಿ ತೆಗೀವಾಗ ಪುಟ್ಟ ಬಂದು ಕರ ನೋಡ್ತೀನಿ ಅಂತ ಮುಟ್ಟಿದ್ದ, ನಾನೇ ಎಳ್ಕೊಂಡು ಹೋಗಿ ಕೈ ತೊಳಸ್ದೆ. ಇದನ್ನ ಡಾಕ್ಟ್ರಿಗೆ ಹೇಳಮ್ಮ. ಹಾಲೂ ಕೊಟ್ಟಿದ್ದೆ, ಅದೂ ಹೇಳು.

ಪುಟ್ಟನ ಅಮ್ಮ, 7:02
ಚೀಟಿ ಹಿಂದೆ ಬರ್ಕೊಂಡೆ ಮಾವ