ಗುಳೆ ಬಂದ ಕುಟುಂಬದ ಮಗುವನ್ನು ವರ್ಷದ ನಡುವೆ ಶಾಲೆಗೆ ಸೇರಿಸಬಹುದೇ?

ಪ್ರಶ್ನೆ: ನಮಸ್ಕಾರ ಮೇಡಂ. ನಮ್ಮ ಮನೆ ಬೆಂಗಳೂರಿನ ವರ್ತೂರಿನ ಹತ್ತಿರವಿದೆ. ಪಕ್ಕದಲ್ಲಿ ಕಟ್ಟುತ್ತಿರುವ ಅಪಾರ್ಟ್‌ಮೆಂಟಿನ ಕೆಲಸಕ್ಕೆಂದು ಸುರಪುರ ತಾಲ್ಲೂಕಿನಿಂದ ಗುಳೆ ಬಂದ ಕುಟುಂಬವೊಂದು ತಗಡಿನ ಶೆಡ್ಡಿನಲ್ಲಿದೆ. ಅವರ ಹನ್ನೊಂದು ವರ್ಷದ ಮಗಳು ಊರಿನಲ್ಲಿ ಮೂರನೆಯ ತರಗತಿ ಮುಗಿಸಿದ್ದಾಳೆ. ಎರಡು ವರ್ಷದಿಂದ ಶಾಲೆಯ ಮೆಟ್ಟಿಲು ಹತ್ತಿಲ್ಲ. ಹತ್ತಿರದ ಶಾಲೆಯೊಂದಕ್ಕೆ ಕರೆದುಕೊಂಡು ಹೋದಾಗ, ಟಿಸಿ ತನ್ನಿ, ಇಲ್ಲವಾದರೆ ಜೂನ್‌ನಲ್ಲಿ ಬನ್ನಿ ಎಂದರು. ಈಗಿನ್ನೂ ನವೆಂಬರ್. ಅಲ್ಲಿಯವರೆಗೆ ಕಾಯಲೇಬೇಕೇ?

ಉತ್ತರ: ನಮಸ್ಕಾರ ಸರ್. ಕಾಯಬೇಕಾಗಿಲ್ಲ. 2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯ್ದೆಯ 5ನೆಯ ಸೆಕ್ಷನ್ನಿನ ಪ್ರಕಾರ ವರ್ಗಾವಣೆ ಪತ್ರ (ಟಿಸಿ) ತಡವಾಯಿತೆಂದು ಸರ್ಕಾರಿ ಶಾಲೆ ದಾಖಲಾತಿಯನ್ನು ನಿರಾಕರಿಸುವಂತಿಲ್ಲ, ಮುಂದೂಡುವಂತೆಯೂ ಇಲ್ಲ. ವಯಸ್ಸಿನ ದಾಖಲೆ ಇಲ್ಲವೆಂದು ಹಿಂದಕ್ಕೆ ಕಳುಹಿಸಬಾರದೆಂದು 14ನೆಯ ಸೆಕ್ಷನ್ನೂ, ದಾಖಲಾತಿಯ ಅವಧಿ ಮುಗಿದಿದ್ದರೂ ಸೇರಿಸಿಕೊಳ್ಳಬೇಕೆಂದು 15ನೆಯ ಸೆಕ್ಷನ್ನೂ ಹೇಳುತ್ತವೆ. ಮುಖ್ಯೋಪಾಧ್ಯಾಯರ ಬಳಿ ಜಗಳಕ್ಕೆ ಹೋಗಬೇಡಿ. ಈ ಮೂರು ಸೆಕ್ಷನ್‌ಗಳನ್ನು ಉಲ್ಲೇಖಿಸಿ, ತಾಯಿಯ ಸಹಿ ಅಥವಾ ಹೆಬ್ಬೆಟ್ಟಿನ ಗುರುತಿರುವ ಒಂದು ಪುಟದ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ. ಆಗಲೂ ಆಗದಿದ್ದರೆ ಆ ಕ್ಲಸ್ಟರಿನ, ಅಂದರೆ ಸುತ್ತಲಿನ ಶಾಲೆಗಳ ಗುಂಪಿನ, ಸಿಆರ್‌ಪಿಯವರನ್ನು (ಸಂಪನ್ಮೂಲ ವ್ಯಕ್ತಿ), ನಂತರ ಬಿಇಓ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಯನ್ನು ಕಾಣಿರಿ.

ಇನ್ನೊಂದು ಮಾತು. ಆಕೆಯನ್ನು ನಾಲ್ಕನೆಯ ತರಗತಿಗೆ ಸೇರಿಸಲು ಒಪ್ಪಬೇಡಿ. 4ನೆಯ ಸೆಕ್ಷನ್ನಿನಂತೆ ವಯಸ್ಸಿಗೆ ತಕ್ಕ ತರಗತಿಗೇ, ಅಂದರೆ ಆರಕ್ಕೇ ಸೇರಿಸಿ, ಹಿಂದುಳಿದ ಪಾಠಗಳಿಗೆ ವಿಶೇಷ ತರಬೇತಿ ಕೊಡಬೇಕು. ತನಗಿಂತ ಗೇಣುದ್ದ ಚಿಕ್ಕವರ ನಡುವೆ ಕುಳಿತ ಹುಡುಗಿ ಓದಿಗಿಂತ ಮೊದಲು ನಾಚಿಕೆಯನ್ನು ಕಲಿಯುತ್ತಾಳೆ; ಅಂಥ ಮಕ್ಕಳು ಒಂದೇ ವಾರದಲ್ಲಿ ಬಿಟ್ಟು ಹೋದದ್ದನ್ನು ನಾನು ಕಂಡಿದ್ದೇನೆ.

ಈಗ ನೀವು ಕೇಳದ ಪ್ರಶ್ನೆಯೊಂದನ್ನು ನಾನೇ ಕೇಳುತ್ತೇನೆ. ಆ ಮನೆಯಲ್ಲಿ ಎಳೆಯ ಮಗುವಿದೆಯೇ?

ಪ್ರಶ್ನೆ: ಇದೆ ಮೇಡಂ. ಎರಡು ವರ್ಷದ ತಮ್ಮ. ದಿನವಿಡೀ ಇವಳ ಸೊಂಟದ ಮೇಲೆಯೇ ಇರುತ್ತಾನೆ.

ಉತ್ತರ: ಹಾಗಾದರೆ ಟಿಸಿಗಿಂತ ದೊಡ್ಡ ತೊಡಕು ಇದೇ. ಕೆಲವು ವರ್ಷಗಳ ಹಿಂದೆ ನಾನು ಶಾಲೆಗೆ ಸೇರಿಸಿದ ಒಬ್ಬ ಹುಡುಗಿ ಬಿಸಿಯೂಟದ ಮೊಟ್ಟೆಯಲ್ಲಿ ಅರ್ಧವನ್ನು ನೋಟ್‌ಬುಕ್ಕಿನ ಹಾಳೆಯಲ್ಲಿ ಸುತ್ತಿ ಒಯ್ಯುತ್ತಿದ್ದಳು. ಮೂರನೆಯ ವಾರ ಬರುವುದನ್ನೇ ನಿಲ್ಲಿಸಿದಳು. ಶೆಡ್ಡಿಗೆ ಹೋಗಿ ಕೇಳಿದರೆ, “ತಮ್ಮನ್ನ ಯಾರು ನೋಡ್ಕೋತಾರ್ರಿ ಅಕ್ಕೋರ?” ಎಂದಳು. ನನ್ನಲ್ಲಿ ಉತ್ತರವಿರಲಿಲ್ಲ. ಹಾಜರಿ ಪುಸ್ತಕದಲ್ಲಿ ಹೆಸರಿತ್ತು, ಶಾಲೆಯಲ್ಲಿ ಮಗುವಿರಲಿಲ್ಲ. ಅಂದಿನಿಂದ ನಾನು ಮೊದಲು ವಿಚಾರಿಸುವುದು ಎಳೆಯ ಮಗುವನ್ನು ಯಾರು ನೋಡಿಕೊಳ್ಳುತ್ತಾರೆ ಎಂಬುದನ್ನೇ.

ಅಂಗನವಾಡಿಯ ಶಾಲಾಪೂರ್ವ ಶಿಕ್ಷಣ ಮೂರು ವರ್ಷ ತುಂಬಿದ ಮಕ್ಕಳಿಗೆ. ಎರಡು ವರ್ಷದವನನ್ನು ದಿನವಿಡೀ ಅಲ್ಲಿ ಬಿಡಲಾಗದು. ಆದರೆ ಐವತ್ತಕ್ಕಿಂತ ಹೆಚ್ಚು ಮಹಿಳಾ ಕಾರ್ಮಿಕರು ದುಡಿಯುವ ನಿರ್ಮಾಣ ಸ್ಥಳದಲ್ಲಿ ಆರು ವರ್ಷದೊಳಗಿನ ಮಕ್ಕಳಿಗೆ ಕೋಣೆಯೂ, ನೋಡಿಕೊಳ್ಳಲು ತರಬೇತಿ ಪಡೆದ ಮಹಿಳೆಯೂ ಇರಬೇಕೆಂದು 1996ರ ಕಟ್ಟಡ ಕಾರ್ಮಿಕರ ಕಾಯ್ದೆಯೇ ವಿಧಿಸಿತ್ತು. ನಿಮ್ಮ ಬಡಾವಣೆಯ ನಾಲ್ಕು ಜನ ಒಟ್ಟಾಗಿ ಸೈಟ್ ಎಂಜಿನಿಯರನ್ನು ಕಂಡು ಇದನ್ನು ಕೇಳಿದರೆ, ಮೇಸ್ತ್ರಿಯ ಮುಂದೆ ಆ ತಾಯಿಯೊಬ್ಬಳೇ ಕೇಳುವುದಕ್ಕಿಂತ ಹೆಚ್ಚು ತೂಕ ಬರುತ್ತದೆ. ಅಷ್ಟು ಹೆಂಗಸರಿಲ್ಲದ ಚಿಕ್ಕ ಸೈಟಾದರೆ, ಶೆಡ್ಡುಗಳಲ್ಲೇ ಉಳಿಯುವ ಅಜ್ಜಿಯೋ ಬಾಣಂತಿಯೋ ಇದ್ದಾರೆಯೇ ನೋಡಿ, ನಾಲ್ಕಾರು ಮಕ್ಕಳನ್ನು ನೋಡಿಕೊಳ್ಳುವುದಕ್ಕೆ ಅವರಿಗೆ ತಿಂಗಳಿಗಿಷ್ಟೆಂದು ನೀವೇ ಹಣ ಹೊಂದಿಸಿ. ಪುಸ್ತಕ, ಬ್ಯಾಗು ಕೊಡಿಸುವುದಕ್ಕಿಂತ ಈ ಹಣ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಪ್ರಶ್ನೆ (ಒಬ್ಬ ಶಿಕ್ಷಕರಿಂದ): ಮೇಡಂ, ಇಂಥ ಮಕ್ಕಳನ್ನು ಸೇರಿಸಿಕೊಂಡ ಮೂರೇ ತಿಂಗಳಿಗೆ ಕುಟುಂಬ ಊರಿಗೋ ಬೇರೆ ಸೈಟಿಗೋ ಹೋಗಿಬಿಡುತ್ತದೆ. ಆಮೇಲೆ ಗೈರುಹಾಜರಿಗೆ ನಾವು ಉತ್ತರ ಕೊಡಬೇಕು. ಏನು ಮಾಡುವುದು?

ಉತ್ತರ: ನಿಮ್ಮ ಕಷ್ಟ ನಿಜವಾದದ್ದು ಸರ್. ಸೇರಿಸಿಕೊಳ್ಳುವ ದಿನವೇ ಊರಿನ ಶಾಲೆಯ ಹೆಸರನ್ನೂ, ತಂದೆಯದಲ್ಲದೆ ಊರಿನಲ್ಲೇ ಇರುವ ಒಬ್ಬ ಸಂಬಂಧಿಕರ ಫೋನ್ ನಂಬರನ್ನೂ ಬರೆದಿಟ್ಟುಕೊಳ್ಳಿ. ಆ ಶಾಲೆಯಿಂದ ಮಗುವಿನ ಸ್ಯಾಟ್ಸ್ ಸಂಖ್ಯೆ (ರಾಜ್ಯದ ಶಾಲಾ ಮಕ್ಕಳ ಆನ್‌ಲೈನ್ ದಾಖಲೆಯಲ್ಲಿ ಆ ಮಗುವಿಗಿರುವ ಸಂಖ್ಯೆ) ತರಿಸಿಕೊಂಡರೆ ಹೊಸ ನೋಂದಣಿ ಬೇಕಾಗುವುದಿಲ್ಲ. ಮಗು ಹೊರಟಾಗ ಅದೇ ಸಂಖ್ಯೆಯನ್ನು ಒಂದು ಚೀಟಿಯಲ್ಲಿ ಬರೆದು ತಾಯಿಯ ಕೈಗೆ ಕೊಡಿ. ಮೂರು ತಿಂಗಳ ಓದು ವ್ಯರ್ಥವೆಂದು ನಾನು ಒಪ್ಪುವುದಿಲ್ಲ. ಆ ಅವಧಿಯಲ್ಲಿ ಒತ್ತಕ್ಷರ ಬಿಡಿಸಿ ಓದಲು ಕಲಿತ ಮಗು ಮುಂದಿನ ಶಾಲೆಯಲ್ಲಿ ಹಿಂದಿನ ಬೆಂಚು ಹಿಡಿಯುವುದಿಲ್ಲ.

ಮೊದಲ ಪ್ರಶ್ನೆಯ ಹುಡುಗಿಗೆ ಇನ್ನೊಂದು ದಾರಿಯೂ ಇದೆ. 2004ರಲ್ಲಿ ಆರಂಭವಾದ ಕಸ್ತೂರ್ಬಾ ಗಾಂಧಿ ಬಾಲಿಕಾ ವಿದ್ಯಾಲಯಗಳು ಹಿಂದುಳಿದ ತಾಲ್ಲೂಕುಗಳಲ್ಲಿ ಆರನೆಯ ತರಗತಿಯಿಂದ ಊಟ ವಸತಿಯೊಂದಿಗೆ ಓದಿಸುತ್ತವೆ. ಶಾಲೆ ಬಿಟ್ಟ ಹೆಣ್ಣುಮಕ್ಕಳಿಗೆಂದೇ ಬಂದ ಯೋಜನೆಯದು. ಆದರೆ ಮಗಳನ್ನು ಬಿಟ್ಟಿರುವ ತೀರ್ಮಾನ ತಾಯಿಯದಾಗಿರಲಿ. ಆಕೆ ಬೇಡವೆಂದರೆ ಒತ್ತಾಯಿಸಬೇಡಿ.

ಪ್ರಶ್ನೆ: ಧನ್ಯವಾದಗಳು ಮೇಡಂ. ಕೊನೆಯದಾಗಿ, ಆಕೆಯ ಅಣ್ಣನಿಗೆ ಹದಿನೈದು ವರ್ಷ. ಎಂಟನೆಯ ತರಗತಿ ಪಾಸಾಗಿ ಸೆಂಟ್ರಿಂಗ್ ಕೆಲಸಕ್ಕೆ ಹೋಗುತ್ತಿದ್ದಾನೆ. ಅವನಿಗೆ ಏನಾದರೂ ದಾರಿಯಿದೆಯೇ?

ಉತ್ತರ: ಮನಸ್ಸಿದ್ದರೆ ಒಂಬತ್ತನೆಯ ತರಗತಿಗೆ ಸರ್ಕಾರಿ ಪ್ರೌಢಶಾಲೆಯನ್ನೇ ಮೊದಲು ವಿಚಾರಿಸಿ. ಆಗದಿದ್ದರೆ ರಾಷ್ಟ್ರೀಯ ಮುಕ್ತ ಶಾಲೆಯ ಮೂಲಕ ಹತ್ತನೆಯ ತರಗತಿಯ ಪರೀಕ್ಷೆಗೆ ನೋಂದಾಯಿಸಬಹುದು. ಅದಕ್ಕೆ ಹದಿನಾಲ್ಕು ತುಂಬಿದ್ದರೆ ಸಾಕು. ಇಡೀ ದಿನ ಸೆಂಟ್ರಿಂಗ್ ಹಲಗೆ ಹೊತ್ತ ಹುಡುಗ ರಾತ್ರಿ ಪುಸ್ತಕ ಹಿಡಿಯುತ್ತಾನೆಂದು ಮಾತ್ರ ಎಣಿಸಬೇಡಿ. ಅವನ ಕೂಲಿಯಿಂದ ಮನೆಗೆ ಎಷ್ಟು ಬರುತ್ತಿದೆ, ಅದು ಯಾವ ಸಾಲಕ್ಕೆ ಹೋಗುತ್ತಿದೆ ಎಂಬುದನ್ನು ಭಾನುವಾರ ಬಿಡುವಿನಲ್ಲಿ ತಂದೆಯ ಜೊತೆ ಕುಳಿತು ಕೇಳಿ. ಗುತ್ತಿಗೆದಾರರಿಂದ ಮುಂಗಡ ಪಡೆದಿದ್ದು, ಆ ಸಾಲಕ್ಕಾಗಿ ಹುಡುಗನನ್ನು ಬಿಡುತ್ತಿಲ್ಲವೆಂದು ತಿಳಿದುಬಂದರೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆಮಾಡಿ ತಿಳಿಸಿ. ಹಾಗೇನೂ ಇಲ್ಲದಿದ್ದರೆ ಅವನ ಎಂಟನೆಯ ತರಗತಿಯ ಅಂಕಪಟ್ಟಿಯನ್ನು ಊರಿನ ಶಾಲೆಯಿಂದ ತರಿಸಿಟ್ಟುಕೊಂಡು ನನಗೊಂದು ಸಂದೇಶ ಹಾಕಿ. ಅರ್ಜಿಯನ್ನು ನಾನೇ ತುಂಬಿಸಿಕೊಡುತ್ತೇನೆ.